ತಿದ್ದಬಾರದ ಪುಟ

ವಿದೋಸಾವ ಸತ್ತಳೆಂಬ ಸುದ್ದಿಯನ್ನು ವಿದೋಸಾವಳಿಗೆ ಮೊದಲು ಮುಟ್ಟಿಸಿದವಳು ಬೇಕರಿಯ ಸ್ತೊಯಾಂಕಾ. ಬೆಳಗಿನ ತಿಂಡಿ ಕೊಳ್ಳಲು ಅಂಗಡಿಯೊಳಗೆ ಕಾಲಿಟ್ಟಿದ್ದೇ ತಡ, ಸ್ತೊಯಾಂಕಾಳ ಕೈಯಲ್ಲಿದ್ದ ತಟ್ಟೆ ಜಾರಿತು.

"ಅಯ್ಯೋ ನಿನ್ನ! ಬದುಕಿದ್ದೀಯೇನೇ?"

"ಇನ್ನೇನು, ದೆವ್ವ ಬಂದು ಬ್ರೆಡ್ಡು ಕೇಳುತ್ತಾ?"

"ಎದುರುಗಡೆ ಕಂಬ ನೋಡು ಹೋಗು. ಬೆಳಗ್ಗೆಯಿಂದ ಅತ್ತಿದ್ದೀನಿ. ಫೋಟೋ ಮಾತ್ರ ಚೆನ್ನಾಗಿ ಬಂದಿದೆ ಬಿಡು."

ಬ್ರೆಸ್ತೊವಾದಲ್ಲಿ ಯಾರೇ ಸತ್ತರೂ ಕಪ್ಪು ಅಂಚಿನ ಚೀಟಿ ಕಂಬ, ಮರ, ಗೇಟುಗಳ ಮೇಲೆ ಅಂಟುತ್ತದೆ. ಸೆರ್ಬಿಯಾದ ಯಾವ ಊರಿಗೆ ಹೋದರೂ ಅಷ್ಟೇ. ಕಂಬದ ಮೇಲಿದ್ದ ಚೀಟಿಯಲ್ಲಿ ಶಿಲುಬೆ ಸರಿಯಾಗಿತ್ತು, ಹೆಸರು ಸರಿಯಾಗಿತ್ತು, ಹುಟ್ಟಿದ ತಾರೀಖೂ ಸರಿಯಾಗಿತ್ತು. ಸತ್ತ ತಾರೀಖಿನ ಜಾಗ ಮಾತ್ರ ಖಾಲಿ. ಕೆಳಗೆ ಒಂದು ಸಾಲು: ದುಃಖತಪ್ತರು, ಯಾರೂ ಇಲ್ಲ.

ಮದುವೆಯಾಗದೆ ಐವತ್ತು ದಾಟಿದ ಹೆಂಗಸು ಅವಳು. ಅಪ್ಪ ಅಮ್ಮ ತೀರಿಹೋಗಿ ವರ್ಷಗಳಾಗಿದ್ದವು. ಖಾಲಿ ಬಿಟ್ಟ ತಾರೀಖು ಅವಳನ್ನು ಹೆದರಿಸಿತು, ನಿಜ. ಆದರೆ ಚುಚ್ಚಿದ್ದು ಆ ಕೊನೆಯ ಸಾಲು. ಬರೆದವನಿಗೆ ಅವಳ ಮನೆಯ ಒಳಗು ಹೊರಗು ಗೊತ್ತಿತ್ತು.

ಊರಲ್ಲಿ ಯಾರೂ ಅದನ್ನು ಕೀಳಲಿಲ್ಲ. ಸಾವಿನ ಚೀಟಿಗೆ ಕೈ ಹಚ್ಚಿದರೆ ಕೇಡು, ಮಳೆ ಬಿಸಿಲೇ ಅದನ್ನು ಉದುರಿಸಬೇಕು ಎಂಬುದು ಹಿರಿಯರ ಮಾತು. ಹೇಡಿತನಕ್ಕೆ ಹಿರಿಯರ ಮಾತಿನಷ್ಟು ಬೆಚ್ಚನೆಯ ಕಂಬಳಿ ಬೇರೆ ಇಲ್ಲ. ವಿದೋಸಾವ ತನ್ನ ಬೀದಿಯವನ್ನು ತಾನೇ ಉಗುರಿನಿಂದ ಕೆರೆದು ತೆಗೆದಳು. ಉಳಿದವನ್ನು ಹುಡುಕಿಕೊಂಡು ಊರೆಲ್ಲ ಅಲೆಯಲು ಅವಳಿಗೆ ಮನಸ್ಸಾಗಲಿಲ್ಲ.

ಪೊಲೀಸ್ ಠಾಣೆಯಲ್ಲಿದ್ದವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಸಾಯಿಸ್ತೀವಿ ಅಂತ ಎಲ್ಲಾದ್ರೂ ಬರ್ದಿದಾರಾ ಮೇಡಂ?"

"ನಾನು ಸತ್ತೆ ಅಂತ ಬರ್ದಿದಾರಲ್ಲ!"

"ಎಲ್ಲರೂ ಒಂದಿನ ಸಾಯೋರೇ ತಾನೆ. ಇದರಲ್ಲಿ ಬೆದರಿಕೆ ಎಲ್ಲಿದೆ, ನೀವೇ ಹೇಳಿ."

ಚೀಟಿಯ ಹಿಂದಿನ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಆರು ತಿಂಗಳ ಹಿಂದೆ ಬುದಿಮಿರ್ ಎಂಬ ಕೂಲಿಯವನು ಒಳಚರಂಡಿ ಗುಂಡಿಗೆ ಇಳಿದವನು ಹೆಣವಾಗಿ ಮೇಲೆ ಬಂದಿದ್ದ. ಗುತ್ತಿಗೆ ಹಿಡಿದವನು ಮೇಯರನ ಭಾವ. "ಕುಡಿದು ಬಿದ್ದ" ಎಂದು ಬರೆದು ಕಡತ ಮುಚ್ಚಿದರು. ಕುಡಿದು ಬಿದ್ದವನ ಹೆಂಡತಿಗೆ ಪರಿಹಾರ ಎಲ್ಲಿಂದ ಬರಬೇಕು? ಮಕ್ಕಳಿಗೆ ಶಾಲೆಯಲ್ಲಿ ಕುಡುಕನ ಮಕ್ಕಳೆಂಬ ಹೆಸರಷ್ಟೇ ಸಿಕ್ಕಿತು. ವಿದೋಸಾವ 'ಬ್ರೆಸ್ತೊವಾ ವಾರ್ತೆ'ಯಲ್ಲಿ ಒಂದು ವರದಿ ಬರೆದು, ಗುಂಡಿಯ ಬಳಿ ಹಗ್ಗವಿತ್ತೇ, ವಿಷಗಾಳಿ ತಡೆಯುವ ಮುಖವಾಡವಿತ್ತೇ ಎಂದು ಕೇಳಿದ್ದಳು. ಕೇಳಿದ್ದಷ್ಟೇ. ಮರುವಾರವೇ ಪುರಸಭೆಯ ಜಾಹೀರಾತು ನಿಂತುಹೋಯಿತು.

ಎರಡನೆಯ ವರದಿ ಸಂಪಾದಕ ಜಿವಾದಿನ್‌ನ ಮೇಜಿನ ಡ್ರಾಯರಿನಲ್ಲಿ ಮಲಗಿತ್ತು. ಬುದಿಮಿರ್‌ನ ಹೆಂಡತಿ ಲ್ಯುಬಿಂಕಾ ಎಲ್ಲ ಹೇಳಿದ್ದಳು, ಆದರೆ "ನನ್ನ ಹೆಸರು ಬೇಡ ಕಣಕ್ಕಾ, ಮಕ್ಕಳಿದಾರೆ" ಎಂದು ಕೈಮುಗಿದಿದ್ದಳು. ಬುದಿಮಿರ್‌ನ ಜೊತೆ ಕೆಲಸ ಮಾಡಿದವರು ವಿದೋಸಾವಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. "ಹೆಸರಿಲ್ಲದ ಮಾತು ನಾನು ಹಾಕಲ್ಲ" ಎಂದು ಜಿವಾದಿನ್ ನಿಯಮ ಹೇಳಿದ. ನಿಯಮ ಸರಿಯೇ. ಅದು ಅವನ ನೆನಪಿಗೆ ಬರುವುದು ಮಾತ್ರ ಇಂಥ ಹೊತ್ತಿನಲ್ಲಿ.

ಇಪ್ಪತ್ತೈದು ವರ್ಷದಿಂದ ವಿದೋಸಾವ ಆ ಪತ್ರಿಕೆಯಲ್ಲಿದ್ದಳು. ಪುರಸಭೆಯ ಸಭೆ, ಹಂದಿಗಳ ಪ್ರದರ್ಶನ, ಉಕ್ಕಿದ ಹೊಳೆ, ಎಲ್ಲವೂ ಅವಳ ಪಾಲಿಗೆ. ಕರಾರುಪತ್ರ ಇಲ್ಲ, ವಿಮೆ ಇಲ್ಲ, ಬರೆದಷ್ಟಕ್ಕೆ ಕೂಲಿ. ಅದು ಸಾಲದೆಂದು ಬೆಳಗಿನ ಹೊತ್ತು ಕೌಂಟರಿನಲ್ಲಿ ಕೂತು ಶ್ರದ್ಧಾಂಜಲಿಗಳನ್ನು ಬರೆದುಕೊಳ್ಳುತ್ತಿದ್ದಳು. ಪತ್ರಿಕೆ ಉಸಿರಾಡುತ್ತಿದ್ದದ್ದೇ ಸತ್ತವರಿಂದ. ಜನ ಮೊದಲು ತೆರೆಯುತ್ತಿದ್ದದ್ದೂ ಆ ಕೊನೆಯ ಪುಟವನ್ನೇ. ಅದಕ್ಕೊಂದು ಕಟ್ಟುಪಾಡಿತ್ತು: ಸತ್ತವರ ಮನೆಯವರು ಹೇಳಿದ ಮಾತನ್ನು ಯಾರೂ ತಿದ್ದುವಂತಿಲ್ಲ. ಪ್ರಾಸ ತಪ್ಪಿದ ಪದ್ಯ ಬಂದರೂ ಹಾಗೇ ಅಚ್ಚಾಗಬೇಕು. ಒಮ್ಮೆ ಒಬ್ಬನೇ ಗಂಡಸಿಗೆ ಹೆಂಡತಿ ಒಂದು, ಇಟ್ಟುಕೊಂಡವಳು ಒಂದು ಶ್ರದ್ಧಾಂಜಲಿ ಕೊಟ್ಟು, ಎರಡೂ ಅಕ್ಕಪಕ್ಕ ಅಚ್ಚಾಗಿ, ಊರು ಒಂದು ವಾರ ನಕ್ಕಿತ್ತು. ಆಗಲೂ ಒಂದು ಅಕ್ಷರ ಅಲುಗಿರಲಿಲ್ಲ.

ಚೀಟಿ ಅಂಟಿದ ವಾರವೇ ಲ್ಯುಬಿಂಕಾ ಕೌಂಟರಿಗೆ ಬಂದಳು. ತಲೆಗೆ ಕಪ್ಪು ವಸ್ತ್ರ, ಕಂಕುಳಲ್ಲಿ ಗಂಡನ ಫೋಟೋ. ಶನಿವಾರ ಬುದಿಮಿರ್‌ನ ಆರು ತಿಂಗಳ ಪುಣ್ಯತಿಥಿ.

"ಹೇಳು, ಬರ್ಕೊತೀನಿ," ಎಂದು ವಿದೋಸಾವ ಪೆನ್ನು ತೆಗೆದಳು.

ಲ್ಯುಬಿಂಕಾ ಬಾಯಿಪಾಠ ಮಾಡಿಕೊಂಡು ಬಂದವಳಂತೆ ಹೇಳಿದಳು. "ಬುದಿಮಿರ್, ನೀನು ಹೋಗಿ ಆರು ತಿಂಗಳಾಯಿತು. ನೀನು ಕುಡಿದಿರಲಿಲ್ಲ. ಮೇಯರನ ಭಾವ ನಿನ್ನನ್ನು ಹಗ್ಗ ಕೊಡದೆ, ಮುಖವಾಡ ಕೊಡದೆ ಗುಂಡಿಗೆ ಇಳಿಸಿದ. ಸತ್ತ ಮೇಲೆ ನಿನ್ನ ಬಾಯಿಗೆ ಹೆಂಡ ಹೊಯ್ದರು. ನಿನ್ನ ಲ್ಯುಬಿಂಕಾ, ನಿನ್ನ ಮಕ್ಕಳು."

ವಿದೋಸಾವಳ ಪೆನ್ನು ನಡುವೆಯೇ ನಿಂತಿತ್ತು. ತಿಂಗಳುಗಟ್ಟಲೆ ಅವಳು ಬೇಡಿದ್ದ ಮಾತು ಇದು. ಈಗ ಅದು ಕೌಂಟರಿನ ಮೇಲೆ ಬಂದು ಕೂತಾಗ ಅವಳಿಗೆ ಬೇಡವೆನಿಸಿತು. ಈ ಹೆಂಗಸಿನ ಮುಖ ಕಂಬದ ಮೇಲೆ ಬಂದರೆ ಆ ಪಾಪ ಯಾರ ತಲೆಗೆ?

"ಲ್ಯುಬಿಂಕಾ, ಬೀದೀಲಿ ನನ್ನ ಚೀಟಿ ನೋಡಿದ್ಯಾ?"

"ನೋಡೇ ಬಂದಿದ್ದು."

"ನೋಡಿಯೂ?"

"ದುಃಖ ಪಡೋರು ಯಾರೂ ಇಲ್ಲ ಅಂತ ಹಾಕಿದಾರಲ್ಲ, ಹೊಟ್ಟೆ ಉರೀತು ಕಣಕ್ಕಾ. ನನ್ನ ಗಂಡನ ವಿಷಯ ಬರೆದಿದ್ದಕ್ಕೆ ತಾನೆ ನಿನಗೆ ಈ ಗತಿ? ನಾನು ಸೆರಗಿನ ಮರೇಲಿ ಕೂತೆ, ನೀನು ಕಂಬಕ್ಕೆ ಹೋದೆ. ಬರಿ. ಹೆಸರು ದೊಡ್ಡದಾಗೇ ಬರಿ."

ವಿದೋಸಾವ ಬರೆದುಕೊಂಡಳು. ಹೆಸರನ್ನು ದೊಡ್ಡ ಅಕ್ಷರದಲ್ಲೇ ಬರೆದಳು.

ಮಧ್ಯಾಹ್ನ ಪುಟ ಜೋಡಿಸುವ ಹೊತ್ತಿಗೆ ಜಿವಾದಿನ್ ಆ ಹಾಳೆ ಹಿಡಿದು ಬಂದ. ಮುಖ ಸುಣ್ಣದಂತಾಗಿತ್ತು.

"ಇದು ನಿನ್ನದೇ ಕೈವಾಡ."

"ಒಂದಕ್ಷರ ನನ್ನದಲ್ಲ. ಬೇಕಾದ್ರೆ ಅವಳನ್ನೇ ಕರೆಸಿ ಕೇಳು."

"ಹಾಗಾದ್ರೆ ಅವಳ ಮನೆಗೆ ಹೋಗು. ಆ ಭಾವನ ಸಾಲೊಂದು ತೆಗೆಸು. 'ಸದಾ ನೆನಪಿನಲ್ಲಿ' ಅಂತ ಹಾಕೋಣ, ಚೆಂದ ಕಾಣುತ್ತೆ."

"ನಾನು ಹೋಗಲ್ಲ. ತೆಗೀಬೇಕು ಅಂದ್ರೆ ನೀನೇ ನಿನ್ನ ಕೈಯಾರೆ ತೆಗಿ. ನಾಳೆ ಊರಿಗೆ ಗೊತ್ತಾಗಲಿ, ಜಿವಾದಿನ್ ಸತ್ತೋರ ಮನೆಯೋರ ಮಾತಿಗೂ ಕತ್ತರಿ ಹಾಕ್ತಾನೆ ಅಂತ. ಆಮೇಲೆ ಈ ಕೌಂಟರಿಗೆ ಯಾರು ಬರ್ತಾರೋ ನೋಡೋಣ."

ಜಿವಾದಿನ್ ಕೆಟ್ಟವನಲ್ಲ. ಹೆದರಿದವನು, ಅಷ್ಟೆ. ಈ ಭೂಮಿಯ ಮೇಲಿನ ಅರ್ಧ ಅನ್ಯಾಯ ನಡೆಯುವುದು ಕೆಟ್ಟವರಲ್ಲದ ಇಂಥವರ ಕೈಯಿಂದಲೇ. ಅವನು ಹಾಳೆಯನ್ನು ಪುಟ ಜೋಡಿಸುವ ಮೇಜಿನ ಮೇಲಿಟ್ಟ.

"ಅಚ್ಚಾಗುತ್ತೆ. ಆದ್ರೆ ಸೋಮವಾರದಿಂದ ನೀನು ಬರಬೇಡ, ವಿದಾ. ಯಾರನ್ನಾದ್ರೂ ಬಲಿ ಕೊಡಲೇಬೇಕು, ನನಗೆ ಬೇರೆ ದಾರಿ ಇಲ್ಲ."

ಕರಾರೇ ಇಲ್ಲದವಳನ್ನು ಕೆಲಸದಿಂದ ತೆಗೆಯಲು ಕಾಗದ ಪತ್ರವೇಕೆ? ಅವಳು ತನ್ನ ಕಾಫಿ ಲೋಟ ತೊಳೆದು ಚೀಲಕ್ಕೆ ಹಾಕಿಕೊಂಡು ಹೊರಟಳು. ಬಾಗಿಲು ದಾಟಿದ ಮೇಲೆ ಅಳು ಬಂತು. ಅತ್ತಳು.

ಪತ್ರಿಕೆ ಬಂದ ದಿನ ಊರು ಪಿಸುಗುಟ್ಟಿತು, ಜೋರಾಗಿ ಯಾರೂ ಮಾತಾಡಲಿಲ್ಲ. ಶನಿವಾರ ವಿದೋಸಾವ ಸ್ಮಶಾನಕ್ಕೆ ಹೋದಳು. ಲ್ಯುಬಿಂಕಾ ಗೋರಿಯ ಮೇಲೆ ಮೇಣದ ಬತ್ತಿ ಹಚ್ಚಿ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಸಿಹಿಗೋಧಿಯ ಬಟ್ಟಲಿಟ್ಟು ಕಾಯುತ್ತಿದ್ದಳು. ಮಕ್ಕಳು ಎರಡೂ ಕಡೆ ನಿಂತಿದ್ದರು. ಪಾದ್ರಿ ಮಂತ್ರ ಮುಗಿಸಿ ಗೋರಿಗೆ ವೈನ್ ಸುರಿದು ಅವಸರವಾಗಿ ಹೊರಟುಹೋದ. ಬಂದವರು ಬೆರಳೆಣಿಕೆಯಷ್ಟು, ಅದೂ ಮುದುಕಿಯರು.

ವಿದೋಸಾವ ಒಂದು ಚಮಚ ಗೋಧಿ ಬಾಯಿಗಿಟ್ಟುಕೊಂಡು "ದೇವರು ಅವನನ್ನ ಕ್ಷಮಿಸಲಿ" ಎಂದು ವಾಡಿಕೆಯ ಮಾತು ಹೇಳಿದಳು. ತಲೆ ಎತ್ತಿದಾಗ ಸ್ಮಶಾನದ ಗೇಟಿನ ಬಳಿ ಕಿತ್ತಳೆ ಬಣ್ಣದ ಜಾಕೀಟು ಕಾಣಿಸಿತು. ಗುತ್ತಿಗೆದಾರನ ಕಡೆಯ ಕೂಲಿಯವನು. ಹೆದರಿಸಲು ಕಳಿಸಿದ್ದಾರೆಂದುಕೊಂಡು ಅವಳು ಮಕ್ಕಳ ಮುಂದೆ ಬಂದು ನಿಂತಳು.

ಅವನು ಹತ್ತಿರ ಬಂದು ಟೋಪಿ ತೆಗೆದ. ತನ್ನನ್ನು ಕಂಡಾಗಲೆಲ್ಲ ರಸ್ತೆ ದಾಟುತ್ತಿದ್ದವರಲ್ಲಿ ಇವನೂ ಒಬ್ಬನೆಂದು ಅವಳಿಗೆ ಆಗ ಗುರುತು ಸಿಕ್ಕಿತು.

"ನಾನು ಸ್ರೆತೆನ್. ಅವತ್ತು ಗುಂಡಿ ಹತ್ರ ನಾನೂ ಇದ್ದೆ. ಬರ್ಕೊತೀರಾ?"

"ನನಗೀಗ ಪತ್ರಿಕೆ ಇಲ್ಲ ಸ್ರೆತೆನ್. ತೆಗೆದು ಹಾಕಿದ್ರು. ಎಲ್ಲಿ ಅಚ್ಚಾಗುತ್ತೆ ಅಂತ ಹೇಳೋಕಾಗಲ್ಲ. ಹೆಸರು ಬೇಡ ಅಂದ್ರೆ ಈಗಲೇ ಹೇಳಿ."

"ಹಾಕಿ. ಅವಳು ಹಾಕಿದ ಮೇಲೆ ನನಗೇನು ದಾಡಿ."

ವಿದೋಸಾವ ಪಕ್ಕದ ಗೋರಿಯ ಕಟ್ಟೆಯ ಮೇಲೆ ಕೂತು, ಚೀಲದಲ್ಲಿ ಸಿಕ್ಕಿದ ಕಾಗದ ಮೊಣಕಾಲ ಮೇಲಿಟ್ಟುಕೊಂಡಳು. ಸ್ರೆತೆನ್ ನಿಂತೇ ಹೇಳಿದ, ಲ್ಯುಬಿಂಕಾಳ ಕಡೆ ನೋಡದೆ.

"ಹಗ್ಗ ಗಾಡೀಲೇ ಇತ್ತು. ತರ್ತೀವಿ ಅಂದ್ವಿ. ಹೊತ್ತಾಗುತ್ತೆ, ಇಳೀರೋ ಅಂದ ಮೇಯರನ ಭಾವ. ಬುದಿಮಿರ್ ಇಳಿದ. ಕುಡಿದಿರಲಿಲ್ಲ, ಬೆಳಗ್ಗೆ ನನ್ನ ಜೊತೆ ಬರೀ ಮೊಸರು ಕುಡಿದಿದ್ದ. ಸ್ವಲ್ಪ ಹೊತ್ತಿಗೆ ಕೆಳಗಿಂದ ನನ್ನ ಹೆಸರು ಹಿಡಿದು ಕರೆದ. ಎರಡು ಸಲ ಕರೆದ."

ಲ್ಯುಬಿಂಕಾ ಮಕ್ಕಳ ಕೈ ಬಿಟ್ಟು ಅವನ ಎದುರಿಗೆ ಬಂದು ನಿಂತಳು.

"ನಾನು ಇಳೀಲಿಲ್ಲ," ಎಂದ ಸ್ರೆತೆನ್. "ಅದನ್ನೂ ಬರೀರಿ."