ಪಂಕ್ಚರಣ್ಣನ ಗುಜರಿ ಪುಸ್ತಕ

ಬಸ್ ಡಿಪೋ ಎದುರಿನ ತಿರುವಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವವನನ್ನು ಬೀದಿಯವರೆಲ್ಲ ಪಂಕ್ಚರಣ್ಣ ಎಂದೇ ಕರೆಯುತ್ತಾರೆ. ಅವನ ಬಳಿ ಟ್ಯೂಬಿಗೆ ತೇಪೆ ಹಾಕಿಸಲು ಹೋದರೆ, ತೇಪೆಯ ಜೊತೆಗೆ ಒಂದು ಉಪದೇಶವೂ ಬಿಟ್ಟಿಯಾಗಿ ಸಿಗುತ್ತದೆ. ಮನೆಯಲ್ಲಿ ಫೋಟೋಗಳಿವೆಯಾ, ಎಲ್ಲಿ ಬಿಸಾಕಿದ್ದೀರಿ, ಒಂದು ಪುಸ್ತಕಕ್ಕೆ ಅಂಟಿಸಿ ಪಕ್ಕದಲ್ಲಿ ನಾಲ್ಕು ಮಾತು ಬರೆಯಬಾರದಾ ಎಂದು ಶುರುಮಾಡುತ್ತಾನೆ. ಹೆಂಗಸರನ್ನು ಕೇಳುವುದಿಲ್ಲ, ಗಂಡಸರನ್ನೇ ಹಿಡಿಯುತ್ತಾನೆ. ಗಾಳಿ ಇಳಿದ ಚಕ್ರ ಬಿಟ್ಟು ಓಡಿಹೋಗಲು ಯಾರಿಗೂ ಆಗುವುದಿಲ್ಲವಲ್ಲ, ಕೂತು ಕೇಳುತ್ತಾರೆ. ಕೆಲವರು ನಗುತ್ತಾರೆ. ನಗಲಿ ಬಿಡಿ. ಅವನು ಯಾಕೆ ಹೀಗಾದ ಎಂದು ಗೊತ್ತಿರುವವರು ನಗುವುದಿಲ್ಲ.

ಅವನ ಹೆಂಡತಿ ಜ್ವರವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಆಗ ಮಗಳು ಪುಟ್ಟಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ತೀರಿಕೊಂಡವಳಿಗೆ ತವರೆನ್ನುವುದು ಇರಲಿಲ್ಲ, ಅಕ್ಕತಂಗಿಯರೂ ಇರಲಿಲ್ಲ. ಕೂತು ಅಳಲು ಪಂಕ್ಚರಣ್ಣನಿಗೆ ಪುರುಸೊತ್ತಾದರೂ ಎಲ್ಲಿತ್ತು? ಬೆಳಿಗ್ಗೆ ಎದ್ದು ಮಗಳಿಗೆ ಸ್ನಾನ ಮಾಡಿಸಿ, ಪಕ್ಕದ ಮನೆಯ ಟೈಲರ್ ಹೆಂಡತಿಯ ಕೈಯಲ್ಲಿ ಜಡೆ ಹಾಕಿಸಿ, ಶಾಲೆಗೆ ಬಿಟ್ಟು ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಅವನಿಗೆ ಸಾಕುಸಾಕಾಗುತ್ತಿತ್ತು.

ಹೀಗೇ ಎರಡು ವರ್ಷ ಉರುಳಿತು. ಒಂದು ದಿನ ಶಾಲೆಯ ಮೇಡಂ ಅವನನ್ನು ಬದಿಗೆ ಕರೆದು, ಪುಟ್ಟಿ ಕ್ಲಾಸಿನಲ್ಲಿ ಅಮ್ಮನ ಬಗ್ಗೆ ತುಂಬಾ ಚೆನ್ನಾಗಿ ಹೇಳಿದಳು, ಅಮ್ಮ ದಪ್ಪ ಕನ್ನಡಕ ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದಳಂತಲ್ಲ ಎಂದರು. ಅವನ ಹೆಂಡತಿ ಕನ್ನಡಕ ಹಾಕಿದವಳೇ ಅಲ್ಲ. ಕನ್ನಡಕ ಹಾಕಿಕೊಂಡು ಗುಂಡಿ ಹೊಲಿಯುವವಳು ಟೈಲರ್ ಹೆಂಡತಿ. ಮಗು ತಾಯಿಯನ್ನು ಮರೆಯುತ್ತಿತ್ತು. ಮರೆತ ಜಾಗಕ್ಕೆ ಕಣ್ಣೆದುರಿಗಿದ್ದವರನ್ನು ತಂದು ಕೂರಿಸುತ್ತಿತ್ತು.

ಬೀದಿ ತುದಿಯ ಲೈಬ್ರರಿಯ ಬಾಗಿಲಲ್ಲಿ ಒಂದು ಕಾಗದ ಅಂಟಿಸಿದ್ದರು: ಭಾನುವಾರ ಸ್ಕ್ರ್ಯಾಪ್‌ಬುಕ್ ತರಗತಿ, ಗಂಡಸರೂ ಬರಬಹುದು. ಸ್ಕ್ರ್ಯಾಪ್ ಎಂದರೆ ಪಂಕ್ಚರಣ್ಣನಿಗೆ ಗೊತ್ತಿದ್ದದ್ದು ತೂಕಕ್ಕೆ ಹಾಕುವ ಹಳೇ ಟೈರು. ಒಳಗೆ ಹೋಗಿ ವಿಚಾರಿಸಿದ. ಫೋಟೋ, ಬಸ್ ಟಿಕೆಟ್, ಬಟ್ಟೆ ಚೂರು, ಏನಿದ್ದರೂ ಸರಿ, ಅಂಟಿಸಿ ಅದರ ಕಥೆ ಬರೆಯುವುದು ಎಂದು ಲೈಬ್ರರಿಯಮ್ಮ ತಿಳಿಸಿ ಹೇಳಿದರು. ಗಂಡಸರು ಬರಲಿ ಎಂದು ನಾವೂ ಬಡಕೊಳ್ಳುತ್ತಲೇ ಇದ್ದೇವೆ, ಒಂದು ನರಪಿಳ್ಳೆಯೂ ಬಂದಿಲ್ಲ ಎಂದು ಕುರ್ಚಿ ಎಳೆದು ಕೊಟ್ಟರು.

ಸುದ್ದಿ ತಿಳಿದ ಟೈಲರ್ ಬಿಟ್ಟಾನೆಯೇ? ಗುಜರಿ ಪುಸ್ತಕ ಎಲ್ಲಿಗೆ ಬಂತು, ಮುಂದಿನ ವಾರ ಕಸೂತಿಯಾ ಎಂದು ಕಾಲೆಳೆದ. ದಿನವಿಡೀ ಹೆಂಗಸರ ಬಟ್ಟೆಗೆ ಲೇಸು ಹೊಲಿಯುವ ಮಹಾನುಭಾವ ಆಡಿದ ಮಾತು ಇದು. ಪಂಕ್ಚರಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಡಬ್ಬಿಯಲ್ಲಿದ್ದ ಫೋಟೋಗಳನ್ನೆಲ್ಲ ಹರವಿಕೊಂಡ. ಹೆಂಡತಿಯ ಹಳೇ ಗುರುತಿನ ಚೀಟಿಯಿಂದಲೂ ಫೋಟೋ ಬಿಡಿಸಿಕೊಂಡ. ಅವನ ಮೊಬೈಲಿನಲ್ಲಿ ಕ್ಯಾಮೆರಾ ಇರಲಿಲ್ಲ, ಫೋಟೋ ತೆಗೆದಿದ್ದ ಸ್ಟುಡಿಯೋದವನು ಅಂಗಡಿ ಮುಚ್ಚಿ ಊರು ಬಿಟ್ಟಿದ್ದ. ಹೆಂಡತಿಯ ಮುಖವೆಂದು ಉಳಿದದ್ದು ಅಷ್ಟೇ.

ಲೈಬ್ರರಿಯಮ್ಮ ಒಂದು ಸಣ್ಣ ಬಾಟಲಿ ಗೋಂದು ಕೊಟ್ಟು, ನಾಲ್ಕು ಮೂಲೆಗೆ ಒಂದೊಂದು ಚುಕ್ಕೆ ಸಾಕು ಎಂದಿದ್ದರು. ಮನೆಗೆ ಬಂದು ಅದನ್ನು ಬೆರಳಿಗೆ ಹಚ್ಚಿ ನೋಡಿದ. ನೀರುನೀರು. ಇಂಥ ಅಂಟಿಗೆ ಅವಳ ಮುಖವನ್ನು ಒಪ್ಪಿಸುವುದೇ? ಅವನಲ್ಲಿ ಟ್ಯೂಬಿಗೆ ತೇಪೆ ಅಂಟಿಸುವ ಸಲ್ಯೂಷನ್ ಇತ್ತಲ್ಲ, ತುಂಬಿದ ಲಾರಿಯ ಭಾರಕ್ಕೂ ಬಿಡದ ಸಲ್ಯೂಷನ್. ಟ್ಯೂಬಿಗೆ ಮಾಡುವ ಹಾಗೆಯೇ ಮಾಡಿದ. ಪ್ರತಿ ಫೋಟೋದ ಬೆನ್ನನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದ, ಸಲ್ಯೂಷನ್ ಹಚ್ಚಿದ, ಬೆರಳಿಗೆ ಹತ್ತದಷ್ಟು ಒಣಗುವ ತನಕ ಕಾದ, ಒತ್ತಿದ, ಸುತ್ತಿಗೆಯ ಹಿಡಿಯಿಂದ ಹಗುರಾಗಿ ಬಡಿದ. ಎಲ್ಲಿ ಬಿಟ್ಟುಕೊಂಡರೂ ಮುಖ ಮಾತ್ರ ಬಿಟ್ಟುಕೊಳ್ಳಬಾರದು ಎಂದು, ಮುಖದ ಹಿಂದೆ ಮಾತ್ರ ಇನ್ನೊಂದು ಪದರ ಬಳಿದ.

ಪುಸ್ತಕ ಚೆನ್ನಾಗೇ ಆಯಿತು. ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಿದ್ದದ್ದು, ಗಂಡನ ಎಣ್ಣೆಗೈ ಕಂಡರೆ ಬಾಗಿಲಲ್ಲೇ ತಡೆದು ಸೋಪು ಕೊಡುತ್ತಿದ್ದದ್ದು, ಎಲ್ಲವನ್ನೂ ಸೊಟ್ಟಂಬಟ್ಟ ಅಕ್ಷರದಲ್ಲಿ ಬರೆದ. ಪುಟ್ಟಿ ದಿನಾ ಸಂಜೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ತಾಯಿಯ ತುಟಿ ಪಕ್ಕದಲ್ಲಿ ಎಳ್ಳಿನಷ್ಟು ಮಚ್ಚೆಯಿತ್ತು, ಅದನ್ನು ಬೆರಳಿಂದ ಮುಟ್ಟಿಯೇ ಪುಟ ತಿರುವುತ್ತಿದ್ದಳು. ಕನ್ನಡಕದ ಮಾತು ನಿಂತೇಹೋಯಿತು. ಪಂಕ್ಚರಣ್ಣ ಗೆದ್ದೆ ಎಂದುಕೊಂಡ.

ಬೇಸಿಗೆ ಬಂತು. ಮೊದಲ ಪುಟದಲ್ಲಿ ಚಹಾ ಚೆಲ್ಲಿದಂತೆ ಒಂದು ಕಲೆ ಕಂಡಿತು. ಪುಟ್ಟಿಯ ಕೆಲಸವೆಂದು ಗದರಿಯೂಬಿಟ್ಟ. ಮಗು ನಾನಲ್ಲ ಎಂದು ಅತ್ತಿತು. ಮರುದಿನ ಮುಂದಿನ ಪುಟದಲ್ಲೂ ಕಂಡಾಗ ಅವನಿಗೆ ಹೊಳೆಯಿತು. ಕಲೆ ಮೇಲಿಂದ ಬಿದ್ದದ್ದಲ್ಲ, ಬೆನ್ನಿನಿಂದ ಬರುತ್ತಿತ್ತು. ಸೀರೆಯ ಅಂಚು, ಚಪ್ಪಲಿ, ಹಿಂದಿನ ಗೋಡೆ ಎಲ್ಲ ಇದ್ದ ಹಾಗೇ ಇದ್ದವು. ಎರಡು ಪದರ ಬಳಿದ ಕಡೆ ಮಾತ್ರ ಕಂದು ಬಣ್ಣ ಮೇಲೆದ್ದು ಮುಖಗಳನ್ನು ನುಂಗುತ್ತಿತ್ತು. ಒಂದನ್ನು ಕೀಳಲು ನೋಡಿದ. ಉಜ್ಜಿ ತೆಳುವಾದ ಕಾಗದ, ಕಣ್ಣು ಮೂಗು ಚೂರುಚೂರಾಗಿ ಉಗುರಿಗೆ ಬಂತು. ಅವನು ಹಾಕಿದ ತೇಪೆ ಯಾವತ್ತಾದರೂ ಬಿಟ್ಟುಕೊಂಡದ್ದುಂಟೇ? ಲೈಬ್ರರಿಯಮ್ಮ ಪುಸ್ತಕ ನೋಡಿ, ಮೆಲ್ಲಗೆ ಮುಚ್ಚಿ ಅವನ ಕೈಗೇ ಕೊಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಅವನಿಗೆ. ಮಳೆಗಾಲ ಹಿಡಿಯುವಷ್ಟರಲ್ಲಿ ಒಂದು ಮುಖವೂ ಉಳಿಯಲಿಲ್ಲ.

ಒಂದು ಸಂಜೆ ಪುಟ್ಟಿ ಕಂದು ಕಲೆಯ ಮೇಲೆ ಬೆರಳಾಡಿಸುತ್ತಾ ಕೇಳಿದಳು. "ಅಪ್ಪಾ, ಅಮ್ಮನ ಮಚ್ಚೆ ಈ ಕಡೆ ಇತ್ತಾ, ಆ ಕಡೆ ಇತ್ತಾ?"

ಹೇಳಲು ಬಾಯಿ ತೆರೆದ. ಏಳು ವರ್ಷ ಒಂದೇ ತಟ್ಟೆಯಲ್ಲಿ ಉಂಡವನಿಗೆ ಮಚ್ಚೆ ಎಡಕ್ಕೋ ಬಲಕ್ಕೋ ನೆನಪಾಗಲಿಲ್ಲ. ಅವಳು ಎದುರಿಗೆ ನಿಂತ ಹಾಗೆ ನೆನೆದರೆ ಒಂದು ಕಡೆ, ಪಕ್ಕದಲ್ಲಿ ಮಲಗಿದ ಹಾಗೆ ನೆನೆದರೆ ಇನ್ನೊಂದು ಕಡೆ. ಪಕ್ಕದ ಮನೆಗೆ ಓಡಿದ. ಟೈಲರ್ ಬಲಕ್ಕೆ ಎಂದ, ಅವನ ಹೆಂಡತಿ ಎಡಕ್ಕೆ ಎಂದಳು, ಇಬ್ಬರಿಗೂ ಜಗಳವೇ ಹತ್ತಿತು. ಜಗಳದ ನಡುವೆ ಪಂಕ್ಚರಣ್ಣ ಹೊಸ್ತಿಲ ಮೇಲೆ ಕುಸಿದು ಕೂತು, ಹೆಂಡತಿ ಸತ್ತ ದಿನವೂ ಅಳದವನು, ಬಿಕ್ಕಿಬಿಕ್ಕಿ ಅತ್ತ.

ಅವನ ಉಪದೇಶ ಶುರುವಾದದ್ದು ಅಲ್ಲಿಂದ. ಮೊದಮೊದಲು ಗಿರಾಕಿಗಳನ್ನು, ನಿಮ್ಮ ಹೆಂಡತಿಗೆ ಮಚ್ಚೆ ಎಲ್ಲಿದೆ ಎಂದು ನೇರವಾಗಿ ಕೇಳಿಬಿಡುತ್ತಿದ್ದ. ಒಬ್ಬ ಲಾರಿ ಡ್ರೈವರ್ ಕೈಯೆತ್ತಿಯೇ ಬಿಟ್ಟಿದ್ದ. ವಿಷಯ ತಿಳಿದ ಮೇಲೆ ಅದೇ ಡ್ರೈವರ್ ಟೈರಿನ ಮೇಲೆ ಕೂತು, ನನಗೂ ಗೊತ್ತಿಲ್ಲ ಕಣಣ್ಣ ಎಂದ.

"ಅವರು ಇರುವಾಗಲೇ ಮಾಡಿ. ಈಗಾದ್ರೆ ಗೊತ್ತಾಗದೆ ಇದ್ದದ್ದನ್ನ ಅವರನ್ನೇ ಕೇಳಬಹುದು," ಎನ್ನುತ್ತಾನೆ ಎಲ್ಲರಿಗೂ. ಗೋಂದು ಮೂಲೆಗೆ ಮಾತ್ರ ಎಂದು ಸೇರಿಸಲು ಮರೆಯುವುದಿಲ್ಲ.

ಈಗ ಭಾನುವಾರ ಲೈಬ್ರರಿಯಲ್ಲಿ ಡ್ರೈವರ್ ಇರುತ್ತಾನೆ, ಡಿಪೋದ ಕಂಡಕ್ಟರ್ ಇರುತ್ತಾನೆ. ಟೈಲರ್ ಕೂಡ ಹೆಂಡತಿಯ ಮೊದಲ ಕನ್ನಡಕದ ಮುರಿದ ಕಡ್ಡಿ ತಂದು, ಇದನ್ನು ಹೇಗಯ್ಯಾ ಅಂಟಿಸೋದು ಎಂದು ಗೊಣಗುತ್ತಾ ಕೂರುತ್ತಾನೆ. ಕಳೆದ ವಾರ ಪುಟ್ಟಿಯೂ ಬಂದಿದ್ದಳು. ಕಲೆಗಳ ಮೇಲೆ ಬಿಳಿ ಕಾಗದ ಅಂಟಿಸಿ, ತಾನೇ ಅಮ್ಮನ ಮುಖ ಬರೆಯಲು ಶುರುಮಾಡಿದಳು. ಕಣ್ಣು ಬರೆದಳು, ತುಟಿ ಬರೆದಳು, ಆಮೇಲೆ ಪೆನ್ಸಿಲ್ ಎತ್ತಿ ಅಪ್ಪನ ಕಡೆ ನೋಡಿದಳು. ಟೈಲರ್ ತಲೆ ತಗ್ಗಿಸಿಕೊಂಡು ಕನ್ನಡಕದ ಕಡ್ಡಿಯನ್ನೇ ನೋಡುತ್ತಿದ್ದ.

"ಎಡಗಡೆ ಪುಟ್ಟಿ," ಎಂದ ಪಂಕ್ಚರಣ್ಣ.

ಅವಳು ಎಲ್ಲ ಪುಟದಲ್ಲೂ ಎಡಗಡೆಗೇ ಚುಕ್ಕೆಯಿಟ್ಟಳು. ಅದು ಸರಿಯೋ ತಪ್ಪೋ ಹೇಳಬಲ್ಲವರು ಈಗ ಯಾರೂ ಇಲ್ಲ.