ಹಳೆಯ ಚಿಪ್ಪನ್ನು ಯಾವಾಗ ಕೈಬಿಡಬೇಕು?

ಕಂಪ್ಯೂಟರಿನ ಲೋಕದಲ್ಲಿ ಸಾವಿನ ಸುದ್ದಿಯನ್ನು ಬಹಳ ಮರ್ಯಾದೆಯಿಂದ ತಿಳಿಸುತ್ತಾರೆ. ‘ಈ ಹಳೆಯ ಚಿಪ್ಪನ್ನು ಇನ್ನೂ ಯಾರಾದರೂ ಬಳಸುತ್ತಿದ್ದೀರಾ? ಇದ್ದರೆ ದಯವಿಟ್ಟು ಹೇಳಿ’ ಎಂದು ಒಂದು ಮೇಲ್ ಬರುತ್ತದೆ. ಯಾರೂ ಉಸಿರೆತ್ತದಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಹೋದ ತಿಂಗಳು ಅಂಥದೊಂದು ಮೇಲ್ ಬಂದಾಗ ಉಸಿರೆತ್ತಿದವನು ನಾನೊಬ್ಬನೇ.

ನಾನು ಚಿಕ್ಕೋಡಿಯಲ್ಲಿ ಪಾಲಿಟೆಕ್ನಿಕ್ ಮಾಸ್ತರ. ಬಿಡುವಿನಲ್ಲಿ, ಹೆಂಡತಿಯಿಂದ ಬೈಸಿಕೊಳ್ಳುತ್ತ, ದೇಶವಿದೇಶದ ಹುಚ್ಚರ ಜತೆ ಸೇರಿ ಪುಕ್ಕಟೆಯಾಗಿ ಒಂದು ಕಂಪೈಲರನ್ನು ಸಾಕುತ್ತಿದ್ದೇನೆ. ಕಂಪೈಲರ್ ಎಂದರೆ ದುಭಾಷಿ. ನಾವು ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವ ಮಾತಿಗೆ ತಿರುಗಿಸುತ್ತದೆ. ನಿಪ್ಪಾಣಿ ಪೇಟೆಯ ಅಂಗಡಿಕಾರ ಒಬ್ಬರಿಗೆ ಕನ್ನಡದಲ್ಲಿ, ಇನ್ನೊಬ್ಬರಿಗೆ ಮರಾಠಿಯಲ್ಲಿ ಅದೇ ಸೀರೆಯನ್ನು ಹೊಗಳುವುದಿಲ್ಲವೆ, ಹಾಗೆ. ತೊಂದರೆಯೆಂದರೆ, ಒಂದೊಂದು ಜಾತಿಯ ಚಿಪ್ಪಿಗೂ ಅದರದೇ ಮಾತು. ಕಂಪೈಲರಿಗೆ ಹೊಸದೇನು ಸೇರಿಸಿದರೂ ಅದು ಹಳೆಯ ಚಿಪ್ಪುಗಳಿಗೂ ತಿಳಿಯುತ್ತದೋ ಇಲ್ಲವೋ ಪರೀಕ್ಷಿಸಬೇಕು. ನಮ್ಮ ಗುಂಪಿನವರ ರವಿವಾರಗಳೆಲ್ಲ ಆ ಮುದಿ ಚಿಪ್ಪಿನ ಸೇವೆಗೇ ಹೋಗುತ್ತಿದ್ದವು; ಅದಕ್ಕೇ ಅದರ ಮಾತನ್ನು ಕಂಪೈಲರಿನಿಂದ ತೆಗೆದುಹಾಕುವ ಆಲೋಚನೆ.

ಆದರೂ ನನಗೊಂದು ಕುತೂಹಲ. ಯಾರೂ ಮಾತಾಡಲಿಲ್ಲವೆಂದರೆ ಬಳಸುವವರೇ ಇಲ್ಲ ಎಂದು ತಿಳಿಯಬಹುದೆ? ಪಂಪು ಸರಿಯಾಗಿ ನೀರೆತ್ತುತ್ತಿದೆ ಎಂದು ಅದನ್ನು ಮಾಡಿದವನಿಗೆ ಯಾರಾದರೂ ಫೋನ್ ಹಚ್ಚುತ್ತಾರೆಯೆ? ಕೆಟ್ಟಾಗ ಮಾತ್ರ ಅವನ ವಂಶವನ್ನೆಲ್ಲ ನೆನೆಯುತ್ತಾರೆ. ಶೇಡಬಾಳದಲ್ಲಿರುವ ನನ್ನ ಸೋದರತ್ತೆಯನ್ನೇ ನೋಡಿ. ಅವಳ ದ್ರಾಕ್ಷಿ ತೋಟದ ಹನಿ ನೀರಾವರಿಗೆ ವಾಲ್ವು ತೆರೆದು ಮುಚ್ಚುವ ಒಂದು ಡಬ್ಬಿ ಮಾಡಿಕೊಟ್ಟಿದ್ದೇನೆ. ಅದರೊಳಗೆ ಕೂತಿರುವುದು ಇದೇ ಚಿಪ್ಪು. ತೋಟಕ್ಕೆ ಕರೆಂಟು ಬರುವ ಹೊತ್ತು ಬದಲಾದಾಗಲೆಲ್ಲ ಹೋಗಿ ಪ್ರೋಗ್ರಾಮು ತಿದ್ದಿ, ಅವಳ ಕೈಯ ರೊಟ್ಟಿ ಉಂಡು ಬರುತ್ತೇನೆ. ಹಳೆಯ ಕಂಪೈಲರಿನ ಒಂದು ಪ್ರತಿಯನ್ನು ಎತ್ತಿಟ್ಟುಕೊಂಡರೆ ಸಾಲದೆ ಎಂದು ನೀವು ಕೇಳಬಹುದು. ಸಾಲುತ್ತದೆ; ಆದರೆ ಅದು ಓಡುವ ಹಳೆಯ ಲ್ಯಾಪ್‌ಟಾಪನ್ನೂ, ಅದರ ಹರಕು ಚಾರ್ಜರನ್ನೂ ಎತ್ತಿಡಬೇಕು, ನಮ್ಮ ಮನೆಯಲ್ಲಿ ಈಗಾಗಲೇ ಜಾಗ ಮುಗಿದಿದೆ.

‘ನಮ್ಮ ಕಡೆ ಇನ್ನೂ ಬಳಸುತ್ತಾರೆ, ತೆಗೆಯಬೇಡಿ’ ಎಂದು ಬರೆದೆ. ‘ಒಮ್ಮೆ ನೋಡಿಕೊಂಡು ಬಂದು ಹೇಳು, ನೀನು ಹೇಳಿದಂತೆ ಮಾಡೋಣ’ ಎಂದು ಗುಂಪಿನಿಂದ ಉತ್ತರ ಬಂತು.

ರವಿವಾರ ರಾಯಬಾಗ, ಕುಡಚಿ ದಾಟಿ ಶೇಡಬಾಳಕ್ಕೆ ಬೈಕು ಬಿಟ್ಟೆ. ಮುಂಚೆ ಹೇಳದೆ ಹೋದದ್ದು ಅದೇ ಮೊದಲು. ತೋಟದಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು, ಸಾಲಿನಿಂದ ಸಾಲಿಗೆ ಹೋಗಿ ಕೈಯಿಂದಲೇ ವಾಲ್ವು ತಿರುವುತ್ತಿದ್ದಳು. ಡಬ್ಬಿಯ ದೀಪ ಆರಿತ್ತು.

“ಯಾಕತ್ತಿ, ಡಬ್ಬಿ ಕೆಟ್ಟೈತೇನು?”

“ಕೆಟ್ಟಿಲ್ಲ ತಮ್ಮಾ. ಈಗ ಕರೆಂಟ್ ದಿನಕ್ಕೊಂದ ಹೊತ್ತಿಗೆ ಬರ್ತೈತಿ, ಅದಕ್ಕೇನ್ ತಿಳೀತೈತಿ? ಭಾಳ ದಿನಾ ಆತು, ನಾನ ತಿರುವಾಕತ್ತೀನಿ. ನೀ ಬರೂ ದಿನ ಅಷ್ಟ ಚಾಲೂ ಮಾಡ್ತೀನಿ.”

ನಗು ಬಂತು, ನಾಚಿಕೆಯೂ ಆಯಿತು. ಇವಳಿಗೆ ಬೇಕೆಂದು ನಾನು ಅಷ್ಟು ಜನರ ರವಿವಾರ ಹಾಳು ಮಾಡುತ್ತಿದ್ದೆ. ನನಗೆ ಬೇಜಾರಾದೀತೆಂದು ಇವಳು ಡಬ್ಬಿಯ ಧೂಳು ಒರೆಸುತ್ತಿದ್ದಳು. ಜಗತ್ತಿನಲ್ಲಿ ಇನ್ನೆಷ್ಟು ವಸ್ತುಗಳು ಹೀಗೆ, ಯಾರಿಗೂ ಬೇಡವಾಗಿದ್ದರೂ, ಒಬ್ಬರ ಮುಲಾಜಿಗೆ ಇನ್ನೊಬ್ಬರು ಸಾಕುವುದರಿಂದ ಬದುಕಿವೆಯೋ!

“ಮೊದಲ ಹೇಳಬಾರದೇನ ಅತ್ತಿ?”

ಅತ್ತೆ ವಾಲ್ವಿನಿಂದ ಕೈ ತೆಗೆಯಲಿಲ್ಲ. “ಹೇಳಿದ್ರ ನೀ ಯಾಕ ಬರ್ತಿದ್ದಿ? ಮನಿ ತುಂಬ ಮಂದಿ ಅದಾರ, ಖರೆ. ತವರಮನಿಯಿಂದ ಬರಾಂವ ನೀ ಒಬ್ಬನ ಅಲ್ಲೇನು?”

ಅಲ್ಲೇ ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ಗುಂಪಿಗೆ ಬರೆದೆ: ‘ಆ ಚಿಪ್ಪನ್ನು ಧಾರಾಳವಾಗಿ ಕೈಬಿಡಿ. ಇಲ್ಲಿ ಯಾರಿಗೂ ಬೇಕಾಗಿಲ್ಲ.’

“ಮುಂದಿನ ರವಿವಾರ ಬರ್ತೀನತ್ತಿ” ಎಂದೆ.

“ಯಾಕ, ಏನ್ ರಿಪೇರಿ ಐತಿ?”

“ಏನೂ ಇಲ್ಲ. ಸುಮ್ನ.”

ಅತ್ತೆ ವಾಲ್ವಿನಿಂದ ಕೈ ತೆಗೆದು ನನ್ನತ್ತ ತಿರುಗಿದಳು. “ಹಂಗಾದ್ರ ಲಗೂನ ಬಾ, ಊಟದ ಹೊತ್ತಿಗೆ ಬಂದ ಕುಂದ್ರಬ್ಯಾಡ” ಎಂದಳು.