ಹಿಟ್ಟಿನ ಸಾಲುಗಳ ಆಚೆ

ನಾನು ನಿಂತಿದ್ದದ್ದು ಅಮೆರಿಕದ ರೆಸ್ಟನ್‌ನ ಒಂದು ಸಮುದಾಯ ಭವನದಲ್ಲಿ, ನೆಲಮಹಡಿಯ ಪ್ರದರ್ಶನ ಕೋಣೆಯ ಬಾಗಿಲಲ್ಲಿ. ೧೯೯೬ರ ಅಕ್ಟೋಬರ್, ಶನಿವಾರ, ಮಧ್ಯಾಹ್ನ ಮೂರು ದಾಟಿ ಸ್ವಲ್ಪ ಹೊತ್ತಾಗಿತ್ತು. ಮೂರಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದರಿಂದ ಗಡಿಯಾರ ನೋಡಿಕೊಂಡಿದ್ದೆ.

ಕೋಣೆಗೆ ಅದೊಂದೇ ಬಾಗಿಲು. ಎದುರಿನ ಕಿಟಕಿಯ ಬಳಿ ಕಲಾವಿದೆ ನಿಂತಿದ್ದಳು. ಹುಬ್ಬಳ್ಳಿ ಕಡೆಯವಳು, ಭಾನುವಾರ ನಮ್ಮವರ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದಳು. ನಮ್ಮಿಬ್ಬರ ನಡುವೆ ನೆಲದ ತುಂಬ ಕನ್ನಡ ಅಕ್ಷರಗಳು. ಬೆಳಗಿನಿಂದ ಬಗ್ಗಿ, ಅಕ್ಕಿಹಿಟ್ಟನ್ನು ಬೆರಳ ಸಂದಿಯಿಂದ ಬಿಡುತ್ತಾ, ಬಾಗಿಲಿನಿಂದ ಹಿಂದೆ ಹಿಂದೆ ಸರಿಯುತ್ತಾ ಬರೆದಿದ್ದಳು. ಮುಗಿದಾಗ ಅವಳ ಬೆನ್ನು ಕಿಟಕಿಗೆ ತಾಗಿತ್ತು. ಅಕ್ಷರ ತುಳಿಯದೆ ಅಲ್ಲಿಂದ ಹೊರಬರಲು ದಾರಿ ಇರಲಿಲ್ಲ. ಅದು ಬೇಕೆಂದೇ ಮಾಡಿದ್ದು.

ಬರೆದದ್ದು ಅವಳ ತಾಯಿಯ ಮಾತುಗಳು. ವಾರಕ್ಕೊಮ್ಮೆ ಫೋನಿನಲ್ಲಿ ಕೇಳಿದ್ದನ್ನು ಹಳೆಯ ಲಕೋಟೆಗಳ ಹಿಂದೆ ಗೀಚಿಟ್ಟುಕೊಳ್ಳುತ್ತಿದ್ದಳು. ಆ ವರ್ಷ ಮಾರ್ಚ್‌ನಲ್ಲಿ ತಾಯಿ ತೀರಿಕೊಂಡರು. ವೀಸಾ ಕಾಗದ ಬಾರದೆ ಅವಳಿಗೆ ಊರಿಗೆ ಹೋಗಲಾಗಲಿಲ್ಲ.

ಹಿಂದಿನ ವಾರ ನನಗೆ ಹೇಳಿದ್ದಳು: "ನಮ್ಮ ಮಂದೀನ್ನ ಕರಕೊಂಡು ಬರ್ರಿ. ಬೂಟ್ ಹಾಕ್ಕೊಂಡೇ ಬರ್ರಿ. ಇಲ್ಲಿಯವರಿಗೆ ಇದು ಬರೇ ಡಿಸೈನು. ಓದಾಕ ಬರೋರು ತುಳೀಬೇಕು. ಬೂಟಿಗೆ ಹತ್ತಿ ಅವ್ವನ ಮಾತು ನಾಕು ಮನೀಗರ ಹೋಗ್ಲಿ. ಮೊದಲ ಹೆಜ್ಜಿ ನಿಮ್ಮದು, ಹೌದಿಲ್ಲೋ?"

ಹೌದು ಎಂದಿದ್ದೆ. ಅವಳು ಕೇಳಿದ್ದು ಅಷ್ಟೇ, ಯಾರಾದರೂ ಒಬ್ಬರು ಆ ಕೋಣೆ ದಾಟಿ ತನ್ನ ಹತ್ತಿರ ಬರಬೇಕು ಎಂದು.

ನನ್ನ ಹಿಂದೆ ಎಂಟು ಮಂದಿ ಇದ್ದರು. ಬಾಗಿಲಿಗೆ ಬಂದವನೇ ನಾನು ಮಾಡಿದ ಮೊದಲ ಕೆಲಸ ಬೂಟು ಬಿಚ್ಚಿದ್ದು. ಯೋಚಿಸಿ ಮಾಡಿದ್ದಲ್ಲ. ನನ್ನನ್ನು ನೋಡಿ ಎಲ್ಲರೂ ಬಿಚ್ಚಿದರು. ಹೊರಗೆ ಚಪ್ಪಲಿ, ಬೂಟುಗಳ ಸಾಲಾಯಿತು. ಬಲಗಾಲು ಎತ್ತಿದೆ. ಅದರ ಕೆಳಗೆ 'ಉಂಡಿಯೇನವ್ವಾ' ಎಂದಿತ್ತು.

ಕಾಲು ಹಿಂದಕ್ಕೆ ಬಂತು. ಕಾಲಿಗೆ ಪುಸ್ತಕ ತಾಗಿದರೆ ಮಾಡುವಂತೆ, ಬಗ್ಗಿ ಆ ಹಿಟ್ಟನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಮತ್ತೆ? ಅಕ್ಷರ ತುಳಿಯಕ್ಕಾಗತ್ತೇನ್ರೀ, ಸರಸ್ವತಿ ಅಲ್ವಾ" ಎಂದರು ಎಲಿಕಾಟ್ ಸಿಟಿಯಿಂದ ಬಂದಿದ್ದ ಆಂಟಿ. ಅವರೂ ಬಗ್ಗಿದರು. ದೇವಸ್ಥಾನದಲ್ಲಿ ಮಾಡುವ ಹಾಗೆ ಒಬ್ಬರಾದ ಮೇಲೊಬ್ಬರು ಬಗ್ಗಿ ಮುಟ್ಟಿ ಪಕ್ಕಕ್ಕೆ ಸರಿದರು.

"ಏನಮ್ಮಾ, ನಮ್ಮ ಮಕ್ಕಳು ಎಸ್‌ಎಟಿ ಪರೀಕ್ಷೇಲಿ ಫೇಲ್ ಆಗ್ಲಿ ಅಂತ ಪ್ಲಾನ್ ಮಾಡಿದ್ಯಾ?" ಎಂದು ಅವರ ಯಜಮಾನರು ಕೂಗಿದರು. ನಗು ಎದ್ದಿತು.

ಏಳು ವರ್ಷದ ಒಬ್ಬ ಹುಡುಗಿ, ಕಲಾವಿದೆಯ ಚಿತ್ರದ ಕ್ಲಾಸಿನವಳೇ, "ಅಮ್ಮ, ಐ ಕ್ಯಾನ್ ಜಂಪ್! ಆಂಟಿ ಹತ್ರ ಹೋಗ್ಲಾ?" ಎಂದಳು. ತಾಯಿ ಮಣಿಕಟ್ಟು ಹಿಡಿದರು. "ಕಾಲಿಟ್ರೆ ನೋಡು!"

"ಪೂಜೆ ಮಾಡಾಕ ಇಟ್ಟದ್ದಲ್ರೀ ಅದು. ಬರ್ರಿ" ಎಂದಳು ಕಲಾವಿದೆ. ಮತ್ತೊಮ್ಮೆ, "ಬರ್ರಿ." ಎರಡನೆಯ ಸಲ ನೋಡಿದ್ದು ನನ್ನ ಕಡೆ.

"ಹ್ಯಾಂಡ್‌ರೈಟಿಂಗ್ ಎಷ್ಟು ನೀಟಾಗಿದೆ!" ಎಂದು ಯಾರೋ ಹೊಗಳಿದರು. ಇನ್ನೊಬ್ಬರು ಫೋಟೋ ತೆಗೆದರು. ಸಂಜೆ ಯಾರದೋ ಮನೆಯಲ್ಲಿ ಪಾಟ್‌ಲಕ್ ಊಟ ಇತ್ತು, ಎಲ್ಲರೂ ಒಂದೊಂದು ಅಡುಗೆ ತರುವಂಥದ್ದು. ಬೂಟು ಹಾಕಿಕೊಂಡು ಕೈಬೀಸಿ ಹೊರಟರು. ಹುಡುಗಿಯ ಲೇಸು ಕಟ್ಟಲು ಅವಳ ತಾಯಿ ಬಾಗಿಲ ಬಳಿ ಕೂತರು. ಬೆನ್ನು ಕೋಣೆಯ ಕಡೆಗಿತ್ತು.

ಆಗ ಕಲಾವಿದೆ ನಡೆದಳು. ಅವಸರವಿಲ್ಲದೆ, ಬೂಟುಗಾಲಿನಲ್ಲಿ, ನೇರವಾಗಿ. ನಾನು ಎಣಿಸಿದೆ: ಹನ್ನೊಂದು ಹೆಜ್ಜೆ. ಕಿಟಕಿಯ ಬಳಿ ಕೊನೆಗೆ ಬರೆದಿದ್ದ 'ಫೋನ್ ಇಡತೀನಿ, ಇಡ್ಲೇನ?' ಮೊದಲು ಹೋಯಿತು. 'ಥಂಡಿ ಭಾಳ ಐತೇನ' ಅರ್ಧ ಉಳಿಯಿತು. ಎಲ್ಲೂ ನಿಲ್ಲಲಿಲ್ಲ, ಕೆಳಗೆ ನೋಡಲಿಲ್ಲ. ಹನ್ನೊಂದನೆಯದು 'ಉಂಡಿಯೇನವ್ವಾ' ಮೇಲೆ ಬಿತ್ತು.

ನನ್ನೆದುರು ನಿಂತು ಮುಖ ನೋಡಿದಳು. "ಹುಬ್ಬಿಗೆ ಹಿಟ್ಟು ಹತ್ತೇತಿ, ಒರಿಸ್ಕೋರಿ" ಎಂದಳು. ಕಾರಿಡಾರಿನ ತುದಿಯವರೆಗೂ ಬಿಳಿ ಹೆಜ್ಜೆ ಕಾಣುತ್ತಿತ್ತು, ಕ್ರಮೇಣ ತೆಳುವಾಗುತ್ತಾ.

ಆ ಚಳಿಗಾಲದಲ್ಲೇ ಅವಳು ಅಟ್ಲಾಂಟಾಕ್ಕೆ ಹೋದಳು. ಎರಡು ಸಲ ಫೋನ್ ಮಾಡಿದೆ. ಹವಾಮಾನದ ಬಗ್ಗೆ ಮಾತಾಡಿದೆವು. ಅವಳೀಗ ಇಲ್ಲ. ಲೇಸು ಕಟ್ಟುತ್ತಿದ್ದ ತಾಯಿಯೂ ಇಲ್ಲ. ಎಲಿಕಾಟ್ ಸಿಟಿಯ ಆಂಟಿ ಇದ್ದಾರೆ, ಆದರೆ ಅವರು ಅಷ್ಟರಲ್ಲಿ ಕಾರಿನಲ್ಲಿದ್ದರು. "ಎಷ್ಟು ಚೆಂದದ ರಂಗೋಲಿ ಹಾಕಿದ್ದಳು" ಎಂದು ಈಗಲೂ ಹೇಳುತ್ತಾರೆ.

ಅವಳು ಆ ಕೋಣೆ ದಾಟಿದ್ದನ್ನು ಕಂಡವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು ತಾಯಿಯ ಭುಜದ ಮೇಲಿಂದ ನೋಡುತ್ತಿದ್ದ ಆ ಹುಡುಗಿ. ಈಗ ದೊಡ್ಡವಳಾಗಿ ಬ್ಯಾಲಂಟೈನ್‌ನಲ್ಲಿ ನೆಲೆಸಿದ್ದಾಳೆ. ಸಿಕ್ಕಾಗಲೆಲ್ಲ ತನ್ನ ಸರಳ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳುತ್ತಾಳೆ: "ಅಂಕಲ್, ಆಂಟಿ ಕರೆದ್ರು. ನೀವು ಯಾಕೆ ಹೋಗ್ಲಿಲ್ಲ?"